ಪ್ರಯಾಣಬೇನೆ

ವಾಹನದ ಚಲನೆಯಿಂದ ಅಥವಾ ಕಣ್ಣಿಗೆ ಕಾಣುವ ಚಲನೆಯಿಂದ ಆರೋಗ್ಯವಂತರಲ್ಲೂ ಉಂಟಾಗುವ ವಾಕರಿಕೆ, ತಣ್ಣನೆಯ ಬೆವರು, ತಲೆಸುತ್ತು, ವಾಂತಿ ಮುಂತಾದ ಲಕ್ಷಣಗಳ ಸಮೂಹವೇ ಪ್ರಯಾಣಬೇನೆ. ವೈದ್ಯರು ಇದನ್ನು ಮೋಷನ್ ಸಿಕ್‌ನೆಸ್ ಎನ್ನುತ್ತಾರೆ. ಕಡಲಯಾನದ ವಾಂತಿ, ಬಸ್ಸಿನ ವಾಂತಿ, ವಿಮಾನದ ವಾಂತಿ, ಗಗನಯಾತ್ರಿಗಳ ವಾಂತಿ ಎಲ್ಲವೂ ಇದರೊಳಗೇ ಬರುತ್ತವೆ. ತೊಂದರೆ ಹೊಟ್ಟೆಯಲ್ಲಿ ಕಾಣಿಸಿಕೊಂಡರೂ ಹುಟ್ಟುವುದು ಒಳಗಿವಿ, ಕಣ್ಣು ಮತ್ತು ಮಿದುಳಿನ ನಡುವಿನ ವ್ಯವಹಾರದಲ್ಲಿ. ರಾಯಚೂರು, ಮಾನ್ವಿ, ದೇವದುರ್ಗ ಸೀಮೆಯ ಜನ ಇದಕ್ಕೆ ರೋಗದ ಹೆಸರು ಕೊಟ್ಟಿಲ್ಲ. ‘ಬಸ್ ಹತ್ತಿದ್ರ ವಾಂತಿ ಬರ್ತದ’, ‘ಹೊಟ್ಟಿ ತೊಳಸ್ತದ’ ಎಂದರೆ ಕೇಳಿದವರಿಗೆ ಅರ್ಥವಾಗುತ್ತದೆ. ಈ ಲೇಖನದಲ್ಲಿ ರಾಯಚೂರು ತಾಲ್ಲೂಕಿನ ಗಿಲ್ಲೆಸುಗೂರು ಸುತ್ತಿನ ಪ್ರಯಾಣವನ್ನು ಮುಖ್ಯ ಉದಾಹರಣೆಯಾಗಿ ಇಟ್ಟುಕೊಳ್ಳಲಾಗಿದೆ. ಗುಡ್ಡವಿಲ್ಲದ, ತಿರುವು ಕಡಿಮೆಯಿರುವ ಬಯಲುಸೀಮೆಯಲ್ಲೂ ಈ ಬೇನೆ ಹೇಗೆ ಬರುತ್ತದೆ ಎಂಬುದು ಅಲ್ಲಿ ಸ್ಪಷ್ಟವಾಗುತ್ತದೆ.

ಇತಿಹಾಸ

ದೇಹದ ಚಲನೆಗೂ ಅಸ್ವಸ್ಥತೆಗೂ ಇರುವ ನಂಟನ್ನು ಗ್ರೀಕರ ವೈದ್ಯ ಹಿಪ್ಪೊಕ್ರೇಟಿಸನ ಹೆಸರಿನ ಗ್ರಂಥಗಳು ಕಡಲಯಾನದ ಉದಾಹರಣೆಯಿಂದ ಹೇಳುತ್ತವೆ. ಚರಕಸಂಹಿತೆಯು ಛರ್ದಿ, ಅಂದರೆ ವಾಂತಿಯನ್ನು ಐದು ಬಗೆಯಾಗಿ ವಿಂಗಡಿಸಿದೆ. ಅವುಗಳಲ್ಲಿ ಒಂದು ಅಸಹ್ಯವಾದ ನೋಟ, ವಾಸನೆ, ರುಚಿಗಳಿಂದ ಬರುವಂಥದು. ಬಸ್ಸಿನ ಡೀಸೆಲ್ ವಾಸನೆಗೇ ಹೊಟ್ಟೆ ತೊಳಸುವವರ ಅನುಭವ ಈ ವರ್ಗಕ್ಕೆ ಹತ್ತಿರದ್ದು. ಆದರೆ ಚಲನೆಯನ್ನೇ ಪ್ರತ್ಯೇಕ ಕಾರಣವಾಗಿ ಆ ವಿಂಗಡಣೆ ಹೇಳುವುದಿಲ್ಲ.

ಆಧುನಿಕ ತಿಳಿವಳಿಕೆ 19ನೆಯ ಶತಮಾನದ ಕೊನೆಯಲ್ಲಿ ರೂಪುಗೊಂಡಿತು. 1881ರಲ್ಲಿ ಜೆ. ಎ. ಇರ್ವಿನ್ ಎಂಬ ವೈದ್ಯರು ಕಡಲಬೇನೆಯನ್ನು ಒಳಗಿವಿಯ ಸಮತೋಲನ ಅಂಗಕ್ಕೂ ದೃಷ್ಟಿಗೂ ಜೋಡಿಸಿ ಬರೆದರು. ಹುಟ್ಟು ಕಿವುಡರಲ್ಲಿ ಹಲವರಿಗೆ ಗಿರಗಿರನೆ ತಿರುಗಿಸಿದರೂ ತಲೆಸುತ್ತು ಬರುವುದಿಲ್ಲ ಎಂದು ವಿಲಿಯಂ ಜೇಮ್ಸ್ 1882ರಲ್ಲಿ ವರದಿ ಮಾಡಿದರು. ಒಳಗಿವಿಯ ಸಮತೋಲನ ಅಂಗ ಪೂರ್ತಿ ಕೆಟ್ಟವರಿಗೆ ಪ್ರಯಾಣಬೇನೆ ಬರುವುದಿಲ್ಲವೆಂಬುದು ಮುಂದೆ ಖಚಿತವಾಯಿತು. ಈ ಅಂಗದ ಕೆಲಸವನ್ನು ಬಿಡಿಸಿ ತೋರಿಸಿದ ರಾಬರ್ಟ್ ಬಾರಾನಿಗೆ 1914ರ ನೊಬೆಲ್ ಪ್ರಶಸ್ತಿ ಬಂದಿತು. ಎರಡನೆಯ ಮಹಾಯುದ್ಧದಲ್ಲಿ ಸೈನಿಕರನ್ನು ಸಣ್ಣ ದೋಣಿಗಳಲ್ಲಿ ದಡಕ್ಕೆ ಇಳಿಸಬೇಕಾಗಿ ಬಂದಾಗ ಔಷಧ ಸಂಶೋಧನೆಗೆ ವೇಗ ಸಿಕ್ಕಿತು.

ರಾಯಚೂರು ಸೀಮೆಯಲ್ಲಿ ಪ್ರಯಾಣದ ವೇಗ ಬದಲಾದದ್ದು ಎರಡು ಹಂತಗಳಲ್ಲಿ. 1871ರಲ್ಲಿ ಮುಂಬಯಿ ಕಡೆಯಿಂದ ಬಂದ ರೈಲುಹಾದಿಯೂ ಮದರಾಸು ಕಡೆಯಿಂದ ಬಂದ ರೈಲುಹಾದಿಯೂ ರಾಯಚೂರಿನಲ್ಲಿ ಕೂಡಿದವು. ಆಗ ಈ ಪ್ರದೇಶ ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿತ್ತು. ಆ ಸಂಸ್ಥಾನದಲ್ಲಿ ಸರ್ಕಾರಿ ಬಸ್ ಸೇವೆ ರೈಲ್ವೆಯ ಅಂಗವಾಗಿ 1932ರಲ್ಲಿ ಆರಂಭವಾಯಿತು. ಎತ್ತಿನ ಬಂಡಿಯ ಕುಲುಕಾಟ ಮೈಕೈ ನೋಯಿಸುತ್ತಿತ್ತೇ ಹೊರತು ವಾಂತಿ ತರಿಸುತ್ತಿದ್ದುದು ಅಪರೂಪ. ಅದರ ಕಾರಣ ಮುಂದಿನ ಭಾಗದಲ್ಲಿದೆ.

ಉಂಟಾಗುವ ಬಗೆ

ಒಳಗಿವಿಯಲ್ಲಿ ಕೇಳುವ ಅಂಗದ ಪಕ್ಕದಲ್ಲೇ ಸಮತೋಲನದ ಅಂಗವಿದೆ. ಅದರ ಮೂರು ಅರೆವರ್ತುಲ ನಾಳಗಳು ತಲೆ ತಿರುಗುವುದನ್ನು ಗುರುತಿಸುತ್ತವೆ. ಯುಟ್ರಿಕಲ್ ಮತ್ತು ಸ್ಯಾಕ್ಯೂಲ್ ಎಂಬ ಎರಡು ಚೀಲಗಳಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ ಸೂಕ್ಷ್ಮ ಹರಳುಗಳಿರುತ್ತವೆ. ವಾಹನ ಮುಂದೆ ಜಿಗಿದಾಗ, ಬ್ರೇಕ್ ಬಿದ್ದಾಗ, ಮೇಲೆ ಕೆಳಗೆ ಆಡಿದಾಗ ಈ ಹರಳುಗಳು ಸರಿದು ಕೂದಲಿನಂಥ ಕೋಶಗಳನ್ನು ಬಾಗಿಸುತ್ತವೆ. ಎರಡೂ ಕಡೆಯ ಸುದ್ದಿ ಮಿದುಳುಕಾಂಡಕ್ಕೂ ಕಿರುಮಿದುಳಿಗೂ ಹೋಗುತ್ತದೆ. ಅಲ್ಲಿ ಅದು ಕಣ್ಣು ತಂದ ಸುದ್ದಿ ಮತ್ತು ಸ್ನಾಯು–ಕೀಲುಗಳ ಸುದ್ದಿಯ ಜೊತೆ ತಾಳೆಯಾಗುತ್ತದೆ.

ತಾಳೆಯಾಗದಿದ್ದರೆ ಬೇನೆ ಶುರು. ಬಸ್ಸಿನಲ್ಲಿ ಕೂತು ಮೊಬೈಲ್ ನೋಡುವವನ ಕಣ್ಣಿಗೆ ಅಕ್ಷರಗಳು ನಿಂತೇ ಇವೆ, ಒಳಗಿವಿಗೆ ಬಸ್ಸು ಓಡುತ್ತಿದೆ. ಹೀಗೆ ಇಂದ್ರಿಯಗಳ ಸುದ್ದಿಗಳು ಪರಸ್ಪರ ಹೊಂದದಿರುವುದು, ಹಾಗೂ ಹಿಂದಿನ ಅನುಭವದಿಂದ ಮಿದುಳು ನಿರೀಕ್ಷಿಸಿದ್ದಕ್ಕೆ ಹೊಂದದಿರುವುದು ಕಾರಣವೆಂದು ರೀಸನ್ ಮತ್ತು ಬ್ರ್ಯಾಂಡ್ 1975ರಲ್ಲಿ ವಿವರಿಸಿದರು. ಈಗ ಹೆಚ್ಚು ಒಪ್ಪಿಗೆಯಿರುವುದು ಈ ಇಂದ್ರಿಯಸಂಘರ್ಷ ಸಿದ್ಧಾಂತಕ್ಕೆ. ಚಾಲಕರಿಗೆ ಬೇನೆ ಬರುವುದು ಅಪರೂಪವೆಂಬುದನ್ನೂ ಇದು ವಿವರಿಸುತ್ತದೆ. ಎಲ್ಲಿ ತಿರುಗಿಸಬೇಕು, ಯಾವಾಗ ಬ್ರೇಕ್ ಒತ್ತಬೇಕು ಎಂಬುದು ಚಾಲಕನಿಗೆ ಮೊದಲೇ ಗೊತ್ತಿರುವುದರಿಂದ ಅವನ ಮಿದುಳಿಗೆ ಅನಿರೀಕ್ಷಿತವೆಂಬುದು ಕಡಿಮೆ. 1991ರಲ್ಲಿ ರಿಚಿಯೊ ಮತ್ತು ಸ್ಟೊಫ್ರೆಗನ್ ಮುಂದಿಟ್ಟ ಇನ್ನೊಂದು ಸಿದ್ಧಾಂತ, ದೇಹವನ್ನು ನೆಟ್ಟಗೆ ಹಿಡಿದಿಟ್ಟುಕೊಳ್ಳಲಾಗದ ಸ್ಥಿತಿಯೇ ಮೂಲವೆನ್ನುತ್ತದೆ.

ಸುದ್ದಿ ಹೊಂದದಿದ್ದರೆ ವಾಂತಿಯೇ ಏಕೆ ಬರಬೇಕು ಎಂಬುದು ಬೇರೆ ಪ್ರಶ್ನೆ. ಮೈಕೆಲ್ ಟ್ರೈಸ್ಮನ್ 1977ರಲ್ಲಿ ಕೊಟ್ಟ ಊಹೆಯ ಪ್ರಕಾರ, ಕಾಡಿನ ಬದುಕಿನಲ್ಲಿ ಕಣ್ಣು–ಕಿವಿಗಳ ಹೊಂದಾಣಿಕೆ ತಪ್ಪುತ್ತಿದ್ದುದು ವಿಷ ತಿಂದಾಗ. ಆದ್ದರಿಂದ ಮಿದುಳು ಚಲನೆಯನ್ನೂ ವಿಷವೆಂದು ತಿಳಿದು ಹೊಟ್ಟೆ ಖಾಲಿ ಮಾಡಿಸುತ್ತದೆ. ಆಕರ್ಷಕ ಊಹೆಯೇ ಆದರೂ ಸಾಬೀತಾಗಿಲ್ಲ. ಹಿಸ್ಟಮಿನ್ ಮತ್ತು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕಗಳು ಈ ಹಾದಿಯಲ್ಲಿ ಪಾತ್ರ ವಹಿಸುತ್ತವೆ ಎಂಬುದಂತೂ ಔಷಧಗಳ ಪರಿಣಾಮದಿಂದ ಗೊತ್ತಾಗಿದೆ.

ಯಾವ ಚಲನೆ ಹೆಚ್ಚು ಕೆಟ್ಟದ್ದು ಎಂಬುದನ್ನು ಅಳೆಯಲಾಗಿದೆ. ಮೇಲೆ–ಕೆಳಗಿನ ತೂಗಾಟದಲ್ಲಿ ಸೆಕೆಂಡಿಗೆ 0.2 ಆವರ್ತನ, ಅಂದರೆ ಸುಮಾರು 5 ಸೆಕೆಂಡಿಗೆ ಒಂದು ತೂಗು, ಎಲ್ಲಕ್ಕಿಂತ ವಾಕರಿಕೆ ತರುವಂಥದು. ಹಡಗಿನ ತೂಗಾಟ ಈ ವ್ಯಾಪ್ತಿಯದು. ಬಂಡಿಯ ಗಾಲಿ ಕಲ್ಲಿಗೆ ಬಡಿದು ಕುಲುಕುವುದು ಇದಕ್ಕಿಂತ ಎಷ್ಟೋ ಪಟ್ಟು ವೇಗದ ಅಲುಗು, ಅದರಿಂದ ವಾಂತಿ ಬರುವುದು ಕಡಿಮೆ. ಬಸ್ಸು–ಕಾರುಗಳಲ್ಲಿ ಬೇನೆ ತರುವುದು ತಿರುವಿನಲ್ಲಿ ಪಕ್ಕಕ್ಕೆ ವಾಲುವುದು ಮತ್ತು ಬ್ರೇಕ್–ವೇಗಗಳ ಹಿಂದುಮುಂದಿನ ನಿಧಾನ ಎಳೆತ.

ಲಕ್ಷಣಗಳು

ಮೊದಲು ಬರುವುದು ಆಕಳಿಕೆ, ಮಂಕು, ಮಾತು ಕಡಿಮೆಯಾಗುವುದು. ಮಕ್ಕಳಲ್ಲಿ ಇದನ್ನು ನಿದ್ದೆಯೆಂದು ತಿಳಿದು ಬಿಟ್ಟುಬಿಡುವುದುಂಟು. ನಂತರ ಮುಖ ಬಿಳಿಚಿಕೊಂಡು ಹಣೆಯಲ್ಲಿ ತಣ್ಣನೆ ಬೆವರು ಮೂಡುತ್ತದೆ. ಬಾಯಲ್ಲಿ ನೀರೂರುವುದು ವಾಂತಿ ಹತ್ತಿರವಿದೆ ಎಂಬುದರ ಗುರುತು. ವಾಂತಿಯಾದ ಕೂಡಲೇ ಕೆಲವರಿಗೆ ಹಗುರವೆನಿಸಿದರೂ ಚಲನೆ ನಿಲ್ಲದಿದ್ದರೆ ಮತ್ತೆ ಬರುತ್ತದೆ. ವಾಹನ ಇಳಿದ ಮೇಲೆ ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿ ಎಲ್ಲ ಸರಿಹೋಗುತ್ತದೆ. ವಾಂತಿಯೇ ಇಲ್ಲದೆ ದಿನವಿಡೀ ತೂಕಡಿಕೆ, ಬೇಸರ ಮಾತ್ರ ಉಳಿಯುವ ರೂಪವೂ ಇದೆ.

ಯಾರಲ್ಲಿ ಹೆಚ್ಚು

ಎರಡು ವರ್ಷದೊಳಗಿನ ಕೂಸುಗಳಲ್ಲಿ ಅಪರೂಪ. ಆರರಿಂದ ಹನ್ನೆರಡರ ವಯಸ್ಸಿನಲ್ಲಿ ಅತಿ ಹೆಚ್ಚು, ಹರೆಯದ ನಂತರ ನಿಧಾನವಾಗಿ ಇಳಿಯುತ್ತದೆ. ಶಾಲಾ ಪ್ರವಾಸದ ಬಸ್ಸು ಸರಿಯಾಗಿ ಈ ವಯಸ್ಸಿನವರಿಂದಲೇ ತುಂಬಿರುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು ವರದಿಯಾಗುತ್ತದೆ, ಮುಟ್ಟಿನ ದಿನಗಳಲ್ಲಿ ಮತ್ತು ಬಸಿರಿನಲ್ಲಿ ಇನ್ನಷ್ಟು. ಅರೆತಲೆನೋವು ಇರುವವರು ಬೇಗ ತುತ್ತಾಗುತ್ತಾರೆ. ಮನೆತನದಲ್ಲಿ ಹರಿದು ಬರುವ ಗುಣವೂ ಇದೆ. ಅವ್ವನಿಗೆ ಬಸ್ಸು ಆಗದಿದ್ದರೆ ಮಗಳಿಗೂ ಆಗದು ಎಂಬ ಊರಿನ ಮಾತು ಪೂರ್ತಿ ಸುಳ್ಳಲ್ಲ. ಹುಟ್ಟುಕುರುಡರಿಗೂ ಬೇನೆ ಬರಬಹುದು, ಕಾರಣ ಒಳಗಿವಿ ಕೆಲಸ ಮಾಡುತ್ತಲೇ ಇರುತ್ತದೆ. ಹೆದರಿಕೆ ಮತ್ತು ‘ಈ ಸಲವೂ ಬಂದೇ ಬರ್ತದ’ ಎಂಬ ನಿರೀಕ್ಷೆ ಲಕ್ಷಣಗಳನ್ನು ಬೇಗ ಕರೆತರುತ್ತವೆ.

ಬಗೆಗಳು

ಕಡಲಬೇನೆ ಎಲ್ಲಕ್ಕಿಂತ ಹಳೆಯದು, ತೀವ್ರವೂ ಹೌದು. ಬೀಗಲ್ ಹಡಗಿನಲ್ಲಿ 1831ರಿಂದ 1836ರವರೆಗೆ ಲೋಕ ಸುತ್ತಿದ ಚಾರ್ಲ್ಸ್ ಡಾರ್ವಿನ್ ಉದ್ದಕ್ಕೂ ಇದರಿಂದ ನರಳಿದರು. ಕರ್ನಾಟಕದಲ್ಲಿ ಇದರ ಅನುಭವ ಹೆಚ್ಚಾಗಿ ಕರಾವಳಿಯ ಮೀನುಗಾರರಿಗೆ ಮತ್ತು ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವಂಥ ಪ್ರವಾಸಿಗರಿಗೆ. ಒಳನಾಡಿನ ನದಿಗಳ ಹರಿಗೋಲು ಬೇರೆ ಬಗೆಯದು. ದುಂಡಗಿನ ಬುಟ್ಟಿ ತೂಗುವುದಕ್ಕಿಂತ ತಿರುಗುವುದು ಹೆಚ್ಚು, ಆದ್ದರಿಂದ ಕೃಷ್ಣಾ ತುಂಗಭದ್ರೆಗಳನ್ನು ಹರಿಗೋಲಿನಲ್ಲಿ ದಾಟುವವರಿಗೆ ವಾಂತಿಗಿಂತ ತಲೆಸುತ್ತು ಮುಂದಾಗಿ ಬರಬಹುದು.

ರಸ್ತೆಬೇನೆ ಭಾರತದಲ್ಲಿ ಸರ್ವಸಾಮಾನ್ಯ. ರೈಲಿನಲ್ಲಿ ಕಡಿಮೆ: ತಿರುವುಗಳು ವಿಶಾಲ, ಬ್ರೇಕ್ ನಿಧಾನ, ಎದ್ದು ಓಡಾಡಲು ಜಾಗವಿದೆ. ವಿಮಾನ ಎತ್ತರದಲ್ಲಿ ಹಾರುವುದರಿಂದ ಇಂದಿನ ಪ್ರಯಾಣಿಕರಲ್ಲಿ ವಾಯುಬೇನೆ ವಿರಳವಾಗಿದೆ, ಆದರೆ ಯುದ್ಧವಿಮಾನದ ತರಬೇತಿಯಲ್ಲಿ ಅದು ದೊಡ್ಡ ಸಮಸ್ಯೆ. ಬಾಹ್ಯಾಕಾಶದಲ್ಲಿ ಇದನ್ನು ಮೊದಲು ಅನುಭವಿಸಿದವರು 1961ರಲ್ಲಿ ಹಾರಿದ ಗೆರ್ಮನ್ ಟಿಟೊವ್. ತೆರೆಬೇನೆ ಎಂಬುದು ಹೊಸ ಬಗೆ: ಕೂತ ದೇಹ ಅಲುಗದಿದ್ದರೂ ಕನ್ನಡಕದಂತೆ ಧರಿಸುವ ವಿಆರ್ ಸಾಧನದಲ್ಲಿ ದೃಶ್ಯ ಓಡುವುದರಿಂದ ಹೊಟ್ಟೆ ತೊಳಸುತ್ತದೆ.

ಗಿಲ್ಲೆಸುಗೂರು ಸೀಮೆಯ ಪ್ರಯಾಣ

ಗಿಲ್ಲೆಸುಗೂರು ರಾಯಚೂರಿನಿಂದ ಮಂತ್ರಾಲಯದ ಕಡೆಗೆ ಹೋಗುವ ರಸ್ತೆಯಲ್ಲಿರುವ ಹೋಬಳಿ ಕೇಂದ್ರ. ಕೃಷ್ಣಾ ತುಂಗಭದ್ರೆಗಳ ನಡುವಿನ ಈ ದೋಆಬ್ ಪ್ರದೇಶದಲ್ಲಿ ಆಗುಂಬೆ ಘಾಟಿಯಂಥ ತಿರುವುಗಳಿಲ್ಲ. ಆದರೂ ಆಸ್ಪತ್ರೆಗೆ, ಸಂತೆಗೆ, ಮಠಕ್ಕೆ ಹೊರಟ ಕುಟುಂಬದಲ್ಲಿ ಒಬ್ಬರಾದರೂ ಕವರ್ ಹಿಡಿದು ಕೂರುವುದು ಇಲ್ಲಿ ವಿಶೇಷವೇನಲ್ಲ. ಅದಕ್ಕೆ ನೆಲ, ವಾಹನ, ಆಸನ ಮೂರೂ ಕಾರಣ.

ಜಿಲ್ಲೆಯ ಬಹುಭಾಗ ಎರೆ ಭೂಮಿ. ಎರೆಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗಿ ಬಿರಿಯುವುದರಿಂದ ಅದರ ಮೇಲಿನ ಡಾಂಬರು ರಸ್ತೆ ಅಲೆಯಲೆಯಾಗಿ ಏಳುತ್ತದೆ. ಅಲೆಗಿಂತ ಹೆಚ್ಚು ತೊಂದರೆ ಕೊಡುವುದು ಅದರ ಪರಿಣಾಮ: ಚಾಲಕ ಪ್ರತಿ ತಗ್ಗಿಗೂ ಬ್ರೇಕ್ ಒತ್ತಿ ಮತ್ತೆ ವೇಗ ಹಿಡಿಯುತ್ತಾನೆ. ಊರೂರಿನ ಹಂಪುಗಳಲ್ಲೂ ಇದೇ. ತಿರುವುಗಳಿಲ್ಲದ ದಾರಿಯಲ್ಲಿ ಘಾಟಿಯ ಕೆಲಸವನ್ನು ಈ ಹಿಂದುಮುಂದಿನ ಎಳೆತ ಮಾಡುತ್ತದೆ.

ಹಳ್ಳಿಗಳ ನಡುವೆ ಓಡುವ ಟಂಟಂ, ಕ್ರೂಸರ್ ಗಾಡಿಗಳಲ್ಲಿ ಹಿಂಬದಿಯ ಜನ ಅಡ್ಡಲಾಗಿ ಅಥವಾ ಹಿಂದಕ್ಕೆ ಮುಖಮಾಡಿ ಕೂರುತ್ತಾರೆ. ಹತ್ತಿ ಬಿಡಿಸಲು, ಮೆಣಸಿನಕಾಯಿ ಹರಿಯಲು ಹೋಗುವ ಕೂಲಿಯವರು ಒತ್ತೊತ್ತಾಗಿ ಕೂತಾಗ ಮುಂದಿನ ರಸ್ತೆ ಯಾರಿಗೂ ಕಾಣುವುದಿಲ್ಲ. ಮುಂದೆ ಕಾಣದಿರುವುದು ಎಷ್ಟು ಮುಖ್ಯ ಎಂಬುದನ್ನು ಬ್ರಿಟನ್ನಿನಲ್ಲಿ ಟರ್ನರ್ ಮತ್ತು ಗ್ರಿಫಿನ್ 1999ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದೆ. ಅವರು 3,256 ಬಸ್ ಪ್ರಯಾಣಿಕರನ್ನು ವಿಚಾರಿಸಿದಾಗ ಶೇ. 28.4ರಷ್ಟು ಮಂದಿಗೆ ಅಸ್ವಸ್ಥತೆ, ಶೇ. 12.8ರಷ್ಟು ಮಂದಿಗೆ ವಾಕರಿಕೆ, ಶೇ. 1.7ರಷ್ಟು ಮಂದಿಗೆ ವಾಂತಿ ಆಗಿತ್ತು. ಮುಂದಿನ ರಸ್ತೆ ಕಾಣದವರಲ್ಲಿ ಅಸ್ವಸ್ಥತೆ ಚೆನ್ನಾಗಿ ಕಾಣುವವರಿಗಿಂತ ಸುಮಾರು ಮೂರು ಪಟ್ಟು. ಇದಕ್ಕೆ ತದ್ವಿರುದ್ಧ ಉದಾಹರಣೆ ತೆರೆದ ಟ್ರ್ಯಾಕ್ಟರ್ ಟ್ರೇಲರ್. ಸುರಕ್ಷಿತವಲ್ಲದ ವಾಹನವಾದರೂ ನಾಲ್ಕೂ ದಿಕ್ಕು ಕಾಣುವುದರಿಂದ, ಗಾಳಿ ಆಡುವುದರಿಂದ ಅದರಲ್ಲಿ ಹೊಟ್ಟೆ ತೊಳಸುವುದು ಕಡಿಮೆ.

ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಬಸ್ಸುಗಳು ಈ ಭಾಗದ ಮುಖ್ಯ ಆಧಾರ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಹೆಂಗಸರಿಗೆ ಉಚಿತ ಪ್ರಯಾಣ ಸಿಕ್ಕ ಮೇಲೆ ಹೆಂಗಸರ ಓಡಾಟ ಹೆಚ್ಚಿದೆ. ಬೇನೆಗೆ ಬೇಗ ತುತ್ತಾಗುವವರೂ ಅವರೇ. ತುಂಬಿದ ಬಸ್ಸಿನ ನಡುದಾರಿಯಲ್ಲಿ ನಿಂತವರಿಗೆ ಕಿಟಕಿಯ ಹೊರಗಿನ ನೋಟವೂ ಇಲ್ಲ.

ಈ ಸೀಮೆಯವರಿಗೆ ಘಾಟಿಯ ಪರಿಚಯವಾಗುವುದು ಯಾತ್ರೆಗಳಲ್ಲಿ. ಯುಗಾದಿ ಸಮಯದ ಶ್ರೀಶೈಲ ಯಾತ್ರೆಗೆ ನಲ್ಲಮಲ ಕಾಡಿನ ಬೆಟ್ಟದ ಹಾದಿ, ತಿರುಪತಿಗೆ ತಿರುಮಲದ ಘಾಟಿ, ಧರ್ಮಸ್ಥಳಕ್ಕೆ ಚಾರ್ಮಾಡಿ ಅಥವಾ ಶಿರಾಡಿ. ಹುಟ್ಟಿದಾಗಿನಿಂದ ನೇರ ರಸ್ತೆಯಲ್ಲೇ ಓಡಾಡಿದ ದೇಹಕ್ಕೆ ಈ ತಿರುವುಗಳ ರೂಢಿಯಿಲ್ಲ. ಬೆಂಗಳೂರಿಗೆ ಗುಳೆ ಹೋಗುವವರದು ಇನ್ನೊಂದು ದಾರಿ, ರಾತ್ರಿಯಿಡೀ ಬಸ್ಸು. ಕಣ್ಣು ಮುಚ್ಚಿ ಮಲಗುವುದರಿಂದ ಸ್ಲೀಪರಿನಲ್ಲಿ ಬೇನೆ ಕಡಿಮೆಯಾದರೂ ಹಿಂಗಾಲಿಯ ಆಚೆಗಿನ ಮೇಲಿನ ಬರ್ತಿನಲ್ಲಿ ಅಲುಗಾಟ ಹೆಚ್ಚು.

ತಡೆಯುವ ಕ್ರಮಗಳು

ಎಲ್ಲಕ್ಕಿಂತ ಮುಖ್ಯವಾದದ್ದು ಆಸನ. ಬಸ್ಸಿನಲ್ಲಿ ಎರಡು ಗಾಲಿಗಳ ನಡುವಿನ ಅಥವಾ ಮುಂದಿನ, ದಾರಿ ಕಾಣುವ ಜಾಗ, ಕಾರಿನಲ್ಲಿ ಚಾಲಕನ ಪಕ್ಕ, ಮಕ್ಕಳಿಗೆ ಹಿಂದಿನ ಸೀಟಿನಲ್ಲೇ ಮುಂದೆ ಕಾಣುವಷ್ಟು ಎತ್ತರ, ಹಡಗಿನಲ್ಲಿ ನಡುಭಾಗ, ವಿಮಾನದಲ್ಲಿ ರೆಕ್ಕೆಯ ಹತ್ತಿರ. ರೈಲಿನಲ್ಲಿ ಹೋಗುವ ದಿಕ್ಕಿಗೆ ಮುಖ ಮಾಡಬೇಕು. ನೋಟ ದೂರದ ದಿಗಂತದ ಮೇಲಿರಬೇಕು. ಪಕ್ಕದ ಕಿಟಕಿಯಿಂದ ಹತ್ತಿರದ ಗಿಡಮರ ಓಡುವುದನ್ನು ನೋಡುವುದರಿಂದ ಪ್ರಯೋಜನವಿಲ್ಲ, ಬದಲಿಗೆ ಬೇನೆ ಹೆಚ್ಚುತ್ತದೆ. ದೂರ ಕಾಣದಿದ್ದರೆ ಕಣ್ಣು ಮುಚ್ಚುವುದು ಮೇಲು. ತಲೆಯನ್ನು ಸೀಟಿಗೆ ಒರಗಿಸಿ ಅಲುಗದಂತೆ ಇಡಬೇಕು. ಓದು, ಮೊಬೈಲ್ ಬೇಡ. ನಿಧಾನವಾದ ಉಸಿರಾಟವೂ ಇಷ್ಟದ ಹಾಡು ಕೇಳುವುದೂ ವಾಕರಿಕೆಯನ್ನು ಮುಂದೂಡುತ್ತವೆಂದು ಪ್ರಯೋಗಗಳಲ್ಲಿ ಕಂಡಿದೆ.

ಏನೂ ತಿನ್ನದೆ ಹೊರಡುವುದು ಈ ಭಾಗದ ರೂಢಿ. ಅದು ತಪ್ಪು ಕ್ರಮ, ಖಾಲಿ ಹೊಟ್ಟೆಯಲ್ಲೂ ವಾಕರಿಕೆ ಬರುತ್ತದೆ, ವಾಂತಿಯಾದರೆ ನಿತ್ರಾಣ ಹೆಚ್ಚು. ಒಂದು ರೊಟ್ಟಿ, ಸ್ವಲ್ಪ ಮೊಸರನ್ನದಂಥ ಹಗುರ ಊಟ ಸಾಕು. ಬಸ್ ನಿಲ್ದಾಣದ ಒಗ್ಗರಣೆ–ಮಿರ್ಚಿಯ ಎಣ್ಣೆ ಪದಾರ್ಥ ಹೊಟ್ಟೆಯಲ್ಲಿ ಬಹಳ ಹೊತ್ತು ನಿಲ್ಲುವುದರಿಂದ ಪ್ರಯಾಣ ಮುಗಿದ ಮೇಲೆ ತಿನ್ನುವುದು ಒಳ್ಳೆಯದು. ರಾಯಚೂರಿನ ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದರಿಂದ ನೀರು ಗುಟುಕು ಗುಟುಕಾಗಿ ಕುಡಿಯುತ್ತಿರಬೇಕು.

ವಾಂತಿ ಬಂದಾಗ ಓಡುವ ಬಸ್ಸಿನ ಕಿಟಕಿಯಿಂದ ತಲೆ ಹೊರಹಾಕುವುದು ಬೇನೆಗಿಂತ ದೊಡ್ಡ ಅಪಾಯ. ಎದುರು ವಾಹನ ಬಡಿದು ಜೀವ ಹೋದ ಪ್ರಕರಣಗಳಿವೆ. ಗಟ್ಟಿ ಕವರ್ ಕೈಗೆ ಸಿಗುವಂತಿರಬೇಕು.

ಮನೆಮದ್ದು

ನಿಂಬೆಹಣ್ಣು ಮೂಸುವುದು, ಹುಣಸೆಹಣ್ಣು ಅಥವಾ ಹುಣಸೆ–ಬೆಲ್ಲ–ಜೀರಿಗೆ ಕುಟ್ಟಿದ ಚಿಗಳಿ ಚೀಪುವುದು, ಏಲಕ್ಕಿ, ಲವಂಗ, ಒಣಶುಂಠಿ, ಉಪ್ಪು ಹಚ್ಚಿದ ನೆಲ್ಲಿಕಾಯಿ ಇವು ಬಳಕೆಯಲ್ಲಿವೆ. ಇವುಗಳಲ್ಲಿ ವೈಜ್ಞಾನಿಕ ಪರೀಕ್ಷೆಗೆ ಹೆಚ್ಚು ಒಳಗಾದದ್ದು ಶುಂಠಿ. 1982ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಒಂದು ಪ್ರಯೋಗ ಅದರ ಪರವಾಗಿತ್ತು, ನಂತರದ ಫಲಿತಾಂಶಗಳು ಮಿಶ್ರವಾಗಿವೆ. ಶುಂಠಿಯಿಂದ ತೂಕಡಿಕೆ ಬರುವುದಿಲ್ಲ ಎಂಬುದೇ ಅದರ ದೊಡ್ಡ ಗುಣ. ಹುಳಿ ಮತ್ತು ನಿಂಬೆಯ ವಾಸನೆ ಬಾಯಿಯ ರುಚಿಯನ್ನೂ ಡೀಸೆಲ್ ವಾಸನೆಯನ್ನೂ ಮರೆಸುತ್ತವೆ, ಅದಕ್ಕಿಂತ ಹೆಚ್ಚಿನ ಪರಿಣಾಮ ಸಾಬೀತಾಗಿಲ್ಲ. ಮಣಿಕಟ್ಟಿನ ಒಳಬದಿಯನ್ನು ಒತ್ತುವ ಪಟ್ಟಿಗಳ ಫಲವೂ ಅನಿಶ್ಚಿತ. ಸೀಟಿನ ಮೇಲೆ ಹಳೆಯ ಪತ್ರಿಕೆ ಹಾಸಿ ಕೂತರೆ ವಾಂತಿ ಬರುವುದಿಲ್ಲವೆಂಬ ನಂಬಿಕೆಗೆ ಯಾವ ಆಧಾರವೂ ಇಲ್ಲ.

ಔಷಧ

ಔಷಧಗಳು ಬೇನೆ ಬರುವ ಮೊದಲೇ ತೆಗೆದುಕೊಂಡರೆ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತವೆ. ಹೊಟ್ಟೆ ತೊಳಸಲು ಶುರುವಾದ ಮೇಲೆ ಜಠರದ ಚಲನೆ ನಿಧಾನವಾಗಿ ಗುಳಿಗೆ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ.

ಭಾರತದಲ್ಲಿ ಹೆಚ್ಚು ಪರಿಚಿತವಾದದ್ದು ಪ್ರೊಮೆಥಜಿನ್ ಥಿಯೋಕ್ಲೇಟ್, ಅವೋಮಿನ್ ಎಂಬ ಹೆಸರಿನಿಂದ ಮಾರಾಟವಾಗುತ್ತದೆ. ದೊಡ್ಡವರ ಸಾಮಾನ್ಯ ಪ್ರಮಾಣ 25 ಮಿ.ಗ್ರಾಂ., ಸಣ್ಣ ಪ್ರಯಾಣಕ್ಕೆ ಒಂದೆರಡು ಗಂಟೆ ಮೊದಲು, ದೂರದ ಪ್ರಯಾಣಕ್ಕೆ ಹಿಂದಿನ ರಾತ್ರಿ. ಎರಡು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು, ಉಸಿರಾಟ ಕುಗ್ಗುವ ಅಪಾಯವಿದೆ. ಸಿನ್ನಾರಿಜಿನ್, ಮೆಕ್ಲಿಜಿನ್, ಡೈಮೆನ್‌ಹೈಡ್ರಿನೇಟ್‌ಗಳು ಇದೇ ಹಿಸ್ಟಮಿನ್ ತಡೆ ಗುಂಪಿನವು. ಡೈಮೆನ್‌ಹೈಡ್ರಿನೇಟಿನ ಗುಣ ಆಕಸ್ಮಿಕವಾಗಿ ಗೊತ್ತಾಯಿತು: 1947ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಲೆಸ್ಲಿ ಗೇ ಮತ್ತು ಪಾಲ್ ಕಾರ್ಲಿನರ್ ಅದನ್ನು ಮೈದದ್ದಿಗೆಂದು ಕೊಟ್ಟ ಬಸುರಿಯೊಬ್ಬರಿಗೆ ಟ್ರಾಮಿನಲ್ಲಿ ಬರುತ್ತಿದ್ದ ವಾಕರಿಕೆ ನಿಂತಿತು. ಆಮೇಲೆ ಅಟ್ಲಾಂಟಿಕ್ ದಾಟುವ ಸೈನಿಕರ ಹಡಗಿನಲ್ಲಿ ಪರೀಕ್ಷೆ ನಡೆಯಿತು.

ಮೇಲೆ ಹೇಳಿದ ಈ ಔಷಧಗಳೆಲ್ಲವೂ ತೂಕಡಿಕೆ ತರುತ್ತವೆ. ಚಾಲಕರು ಮತ್ತು ಯಂತ್ರ ನಡೆಸುವವರು ಬಳಸಬಾರದು, ಮದ್ಯದ ಜೊತೆ ಬೇಡವೇ ಬೇಡ. ತೂಕಡಿಕೆ ಕಡಿಮೆ ತರುವ ಸೆಟಿರಿಜಿನ್, ಲೊರಾಟಡಿನ್‌ಗಳು ಮಿದುಳಿಗೆ ಸಾಕಷ್ಟು ಹೋಗುವುದಿಲ್ಲವಾದ್ದರಿಂದ ಪ್ರಯಾಣಬೇನೆಗೆ ಉಪಯೋಗವಿಲ್ಲ. ಮಕ್ಕಳ ವಾಂತಿಗೆ ಮನೆಮನೆಯಲ್ಲಿರುವ ಒಂಡನ್ಸೆಟ್ರಾನ್ ಹೊಟ್ಟೆಯ ಸೋಂಕಿನ ವಾಂತಿಗೆ ಒಳ್ಳೆಯದು, ಪ್ರಯಾಣಬೇನೆಯನ್ನು ತಡೆಯುವುದಿಲ್ಲ. ಈ ವ್ಯತ್ಯಾಸ ತಿಳಿಯದೆ ಅದನ್ನು ಕುಡಿಸಿ ಹೊರಡುವುದು ವ್ಯರ್ಥ.

ಹಯೋಸಿನ್ ಅಥವಾ ಸ್ಕೊಪೊಲಮಿನ್ ಎಲ್ಲಕ್ಕಿಂತ ಪರಿಣಾಮಕಾರಿ ಔಷಧಗಳಲ್ಲಿ ಒಂದು. ಕಿವಿಯ ಹಿಂದೆ ಅಂಟಿಸುವ ಪಟ್ಟಿಯ ರೂಪದಲ್ಲಿ ಅದು 72 ಗಂಟೆ ಕೆಲಸ ಮಾಡುತ್ತದೆ. ಬಾಯಿ ಒಣಗುವುದು, ಕಣ್ಣು ಮಂಜಾಗುವುದು ಅದರ ಅಡ್ಡಪರಿಣಾಮ. ಕಣ್ಣಿನ ಒತ್ತಡದ ರೋಗ, ಮೂತ್ರ ಕಟ್ಟುವ ತೊಂದರೆ ಇರುವವರಿಗೆ ಇದು ಸಲ್ಲದು. ಇದೇ ಪದಾರ್ಥ ಹೊಲದ ಬದುವಿನಲ್ಲಿ ಬೆಳೆಯುವ ಉಮ್ಮತ್ತಿ ಗಿಡದಲ್ಲೂ ಇದೆ. ಆದರೆ ಗಿಡದಲ್ಲಿನ ಪ್ರಮಾಣ ಅಳತೆಗೆ ಸಿಗದು, ಅದರ ಬೀಜ ಪ್ರಾಣಾಂತಿಕ ವಿಷ.

ಬಸುರಿಯರು, ಹಾಲುಣಿಸುವವರು, ಬೇರೆ ಗುಳಿಗೆ ನುಂಗುವವರು ವೈದ್ಯರನ್ನು ಕೇಳಿಯೇ ಔಷಧ ತೆಗೆದುಕೊಳ್ಳಬೇಕು. ವಾಹನ ಇಳಿದು ಒಂದು ದಿನವಾದರೂ ವಾಂತಿ ನಿಲ್ಲದಿದ್ದರೆ, ಕಿವಿ ಕೇಳಿಸದಿದ್ದರೆ, ತೀವ್ರ ತಲೆನೋವು, ಜ್ವರ, ಎದೆನೋವು ಇದ್ದರೆ ಅದನ್ನು ಪ್ರಯಾಣಬೇನೆಯೆಂದು ಬಿಡಬಾರದು. ಪದೇ ಪದೇ ವಾಂತಿಯಾದ ಮಕ್ಕಳಿಗೆ ಓಆರ್‌ಎಸ್ ಕುಡಿಸಬೇಕು.

ರೂಢಿ

ಔಷಧಕ್ಕಿಂತ ಹೆಚ್ಚು ಫಲ ಕೊಡುವುದು ರೂಢಿ. ಕಡಲಿಗಿಳಿದ ಹೆಚ್ಚಿನವರಲ್ಲಿ ಮೂರು ದಿನಗಳ ಹೊತ್ತಿಗೆ ಬೇನೆ ಇಳಿಯುತ್ತದೆ. ದಿನಾಲೂ ಮಾನ್ವಿಯಿಂದ, ದೇವದುರ್ಗದಿಂದ ರಾಯಚೂರಿಗೆ ಕಾಲೇಜಿಗೆ ಬರುವವರಲ್ಲಿ ಮೊದಲ ವಾರಗಳ ತೊಂದರೆ ಕರಗುವುದೂ ಇದರಿಂದಲೇ. ಆದರೆ ರೂಢಿ ಆ ಬಗೆಯ ಚಲನೆಗೆ ಮಾತ್ರ ಸೀಮಿತ, ಬಸ್ಸಿಗೆ ಒಗ್ಗಿದವರಿಗೆ ದೋಣಿ ಒಗ್ಗಿರುವುದಿಲ್ಲ. ಬಿಡುವು ದೊಡ್ಡದಾದರೆ ರೂಢಿಯೂ ಹೋಗುತ್ತದೆ. ವರ್ಷಕ್ಕೊಮ್ಮೆ ಮಾತ್ರ ಬಸ್ಸು ಹತ್ತುವವರು ಪ್ರತಿ ಸಲವೂ ಹೊಸಬರೇ.

ಇಂದಿನ ಸ್ಥಿತಿ

ಕರ್ನಾಟಕದಲ್ಲಿ ಈ ವಿಷಯದ ಮುಖ್ಯ ಕೇಂದ್ರ ಬೆಂಗಳೂರಿನಲ್ಲಿರುವ ಭಾರತೀಯ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ. ವಾಯುಬೇನೆಯಿರುವ ಪೈಲಟ್‌ಗಳನ್ನು ತಿರುಗುವ ಕುರ್ಚಿಯಂಥ ಸಾಧನಗಳಲ್ಲಿ ಹಂತಹಂತವಾಗಿ ಒಗ್ಗಿಸುವ ಚಿಕಿತ್ಸೆ ಅಲ್ಲಿ ನಡೆಯುತ್ತದೆ. 1984ರಲ್ಲಿ ಬಾಹ್ಯಾಕಾಶಕ್ಕೆ ಹೋದ ರಾಕೇಶ್ ಶರ್ಮಾ ತೂಕವಿಲ್ಲದ ಸ್ಥಿತಿಯ ತೊಂದರೆಗಳ ಮೇಲೆ ಯೋಗದ ಪರಿಣಾಮವನ್ನು ಪರೀಕ್ಷಿಸಿದರು.

ರಸ್ತೆಯಲ್ಲಿ ಹೊಸ ಸಮಸ್ಯೆಗಳು ಬಂದಿವೆ. ವಿದ್ಯುತ್ ಕಾರಿನಲ್ಲಿ ವೇಗದ ಪೆಡಲಿನಿಂದ ಕಾಲು ಎತ್ತಿದೊಡನೆ ವೇಗ ಇಳಿಯುವುದರಿಂದ, ಎಂಜಿನ್ನಿನ ಸದ್ದಿನ ಸುಳಿವೂ ಇಲ್ಲದಿರುವುದರಿಂದ ಕೆಲವರಿಗೆ ಹೊಟ್ಟೆ ತೊಳಸುತ್ತದೆ. ತಾನೇ ಓಡುವ ಕಾರುಗಳು ಬಂದರೆ ಚಾಲಕನೂ ಪ್ರಯಾಣಿಕನಾಗುತ್ತಾನೆ. ವಾಹನದ ಚಲನೆಗೆ ತಕ್ಕಂತೆ ತೆರೆಯ ಅಂಚಿನಲ್ಲಿ ಚುಕ್ಕೆಗಳು ಸರಿಯುವ ಸೌಲಭ್ಯವನ್ನು ಆ್ಯಪಲ್ ಸಂಸ್ಥೆ 2024ರಲ್ಲಿ ತನ್ನ ಫೋನುಗಳಿಗೆ ಸೇರಿಸಿತು. ಹಳ್ಳಿಯ ಔಷಧ ಅಂಗಡಿಯಲ್ಲಿ ಸಿಗುವುದು ಮಾತ್ರ ಇಂದಿಗೂ ಹೆಚ್ಚಾಗಿ ಕಳೆದ ಶತಮಾನದ ನಡುವಿನಲ್ಲಿ ಬಂದ ಹಿಸ್ಟಮಿನ್ ತಡೆ ಗುಳಿಗೆಗಳೇ.